ಎಡಗೆನ್ನೆಯ ಬಾವು

ಸಿದ್ದಲಿಂಗೇಶ ನನ್ನನ್ನು ನೋಡಲು ಬಂದ ದಿನ ಅವನ ಎಡಗೆನ್ನೆ ಉಬ್ಬಿತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದ ನನಗೆ ಮೊದಲು ಕಂಡದ್ದೇ ಅದು. ಬೇರೆ ಹುಡುಗಿಯರು ಹುಡುಗನ ಎತ್ತರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಜಾಣೆಯರಾದರೆ ಅವನ ತಾಯಿಯ ಮುಖ ನೋಡುತ್ತಾರೆ. ನಾನು ಕೆನ್ನೆ ನೋಡುತ್ತೇನೆ. ಯಾರು ಏನೇ ಅನ್ನಲಿ, ಇಪ್ಪತ್ತೊಂಬತ್ತು ವರ್ಷಕ್ಕೆ ಗಟ್ಟಿಯಾದ ಈ ಅಭ್ಯಾಸವನ್ನು ನಾನು ಬಿಡುವವಳಲ್ಲ.

ಇದಕ್ಕೆ ಕಾರಣ ನಮ್ಮಪ್ಪ. ಅಪ್ಪ ಹಾಲಸಿದ್ದಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಸ್ಟೇರಿಂಗ್ ಹಿಡಿದಾಗ ತೂಕಡಿಕೆ ಬರಬಾರದೆಂದು ಗುಟ್ಕಾ ಶುರು ಮಾಡಿದರು. ಎಡಗೆನ್ನೆಯಲ್ಲಿ ಯಾವಾಗಲೂ ಒಂದು ಉಂಡೆ ಇರುತ್ತಿತ್ತು. ಮೊದಲು ಅವರಿಗೆ ಖಾರ ಉರಿಯತೊಡಗಿತು, ಆಮೇಲೆ ಬಾಯಿ ತೆರೆಯುವುದೇ ಕಡಿಮೆಯಾಯಿತು. ಹುಬ್ಬಳ್ಳಿಯ ಡಾಕ್ಟರು ಮೂರು ಬೆರಳು ಜೋಡಿಸಿ, ನೆಟ್ಟಗೆ ಹಲ್ಲುಗಳ ನಡುವೆ ಹಿಡಿಸಲು ಹೇಳಿದರು. ನೆಟ್ಟಗಿರುವ ಬಾಯಿಗೆ ಮೂರೂ ಹಿಡಿಸಬೇಕಂತೆ. ಅಪ್ಪನಿಗೆ ಒಂದೂವರೆ ಹಿಡಿಸಿತು. ಮರುವರ್ಷ ಒಂದೂ ಹಿಡಿಸಲಿಲ್ಲ. ಕೊನೆಯ ಆರು ತಿಂಗಳು ನಾನು ಅವರಿಗೆ ಸಿರಿಂಜಿನಲ್ಲಿ ಗಂಜಿ ಕುಡಿಸಿದೆ. ಐವತ್ನಾಲ್ಕಕ್ಕೆ ಹೋಗಿಬಿಟ್ಟರು.

ಹಾಗಾಗಿ ಅವ್ವನಿಗೆ ನಾನು ಒಂದೇ ಶರತ್ತು ಹಾಕಿದ್ದೆ. ಹುಡುಗ ಕಪ್ಪಗಿರಲಿ, ಕುಳ್ಳಗಿರಲಿ, ಹೊಲ ಇರಲಿ ಬಿಡಲಿ, ಗುಟ್ಕಾ ತಿನ್ನುವವನಾಗಿರಬಾರದು. ಈ ಶರತ್ತಿಗೆ ನಾಲ್ಕು ಸಂಬಂಧಗಳು ಬಿದ್ದುಹೋಗಿದ್ದವು. ಐದನೆಯದನ್ನು ತಂದವಳು ಅವ್ವನ ತಂಗಿ, ಬ್ಯಾಡಗಿಯಲ್ಲಿರುವ ಪುಷ್ಪಲತಾ ಚಿಗವ್ವ.

"ಹುಡುಗ ಕೋಲ್ಡ್ ಸ್ಟೋರೇಜಿನ್ಯಾಗ ಮ್ಯಾನೇಜರ್ ಅದಾನ. ಮೂವತ್ಮೂರು ವರ್ಷ. ಚಟಾ ಗಿಟಾ ಏನಿಲ್ಲ, ನಾ ಎಲ್ಲಾ ವಿಚಾರಿಸೇನಿ" ಎಂದಿದ್ದಳು.

ಈಗ ಆ ಚಟಾ ಗಿಟಾ ಇಲ್ಲದ ಹುಡುಗ ನಮ್ಮ ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದ.

"ಮಿರ್ಚಿ ತಗೋರಿ, ಬಿಸಿ ಅದಾವು" ಎಂದಳು ಅವ್ವ. ಅವನು ಕೈ ಅಡ್ಡ ಹಿಡಿದ. ಚಹಾ ಕೊಟ್ಟೆ. ಕೆನೆಗಟ್ಟುವ ತನಕ ಮುಟ್ಟಲಿಲ್ಲ. ಆಮೇಲೆ ಬಲಗಡೆಯ ತುಟಿಯಿಂದ ಚೂರು ಚೂರೇ ಹೀರಿದ. ತುಟಿ ತೆರೆದದ್ದು ಎಷ್ಟೆಂದು ನಾನು ಅಲ್ಲಿಂದಲೇ ಅಳೆದೆ. ಒಂದು ಬೆರಳು ಹಿಡಿಸಿದರೆ ಹೆಚ್ಚು. ಸ್ವಲ್ಪ ಹೊತ್ತಿಗೆ ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ. ನಾನು ಅಡುಗೆಮನೆಗೆ ಹೋಗುವ ನೆಪದಲ್ಲಿ ಬಚ್ಚಲಿಗೆ ಇಣುಕಿದೆ. ಕಲ್ಲಿನ ಮೇಲೆ ನಸುಗೆಂಪು ನೀರು ಹರಿದ ಗುರುತಿತ್ತು.

ಅವ್ವನಿಗೆ ಕಣ್ಸನ್ನೆ ಮಾಡಿ ಹೇಳಿದೆ. ಅವಳು ಕಂಡೂ ಕಾಣದವಳಂತೆ "ಇಬ್ಬರೂ ಮ್ಯಾಳಿಗಿ ಮ್ಯಾಲ ಹೋಗಿ ಐದು ನಿಮಿಷ ಮಾತಾಡಿ ಬರ್ರಿ" ಎಂದು ನಮ್ಮನ್ನು ಮೇಲೆ ಅಟ್ಟಿದಳು.

ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ನಿಂತೆವು. ಕಾರ್ತೀಕದ ಬಿಸಿಲು ಇಳಿದಿತ್ತು. ಅವನು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದ. ಉಗುರುಗಳ ಸುತ್ತ ಗುಲಾಬಿ ಬಣ್ಣ ಮೆತ್ತಿಕೊಂಡಿತ್ತು. ಹುಬ್ಬು ಮೇಲೆತ್ತಿ, ಬೆರಳು ತೋರಿಸಿ, ಏನಿದು ಎಂಬಂತೆ ಕೇಳಿದ.

"ಸೀಡ್ಸ್ ಕಂಪನಿ ಲ್ಯಾಬಿನ್ಯಾಗ ಕೆಲಸ ಮಾಡ್ತೇನಿ. ಔಷಧ ಹಚ್ಚಿದ ಬೀಜಕ್ಕ ಬಣ್ಣ ಕಲಸಿರ್ತಾರ್ರಿ. ನಾ ದಿನಾ ಅವನ್ನ ಒದ್ದಿ ಪೇಪರಿನ್ಯಾಗ ಸುತ್ತಿ ಮೊಳಕಿ ಬಂದಾವಿಲ್ಲ ನೋಡ್ತೇನಿ. ಎಷ್ಟ್ ತೊಳದ್ರೂ ಹೋಗಂಗಿಲ್ಲ" ಎಂದೆ.

ಅವನು ನಕ್ಕ. ನಕ್ಕಿದ್ದು ಬಲಗಡೆ ಮಾತ್ರ, ಆದರೆ ಎರಡೂ ಕಣ್ಣುಗಳು ಸೇರಿ ನಕ್ಕವು. ಸುಳ್ಳು ಯಾಕೆ ಹೇಳಲಿ, ಆ ಕ್ಷಣಕ್ಕೆ ಅವನು ನನಗೆ ಹಿಡಿಸಿಬಿಟ್ಟ. ಅದಕ್ಕೇ ಸಿಟ್ಟೂ ಬಂತು.

"ಒಂದ್ ಮಾತು ಕೇಳ್ತೇನಿ, ಖರೇ ಹೇಳ್ರಿ. ಗುಟ್ಕಾ ತಿಂತೀರೇನು?"

ಅವನ ನಗೆ ನಿಂತಿತು. ಆಗಲೇ ಸ್ಟೇಶನ್ನಿನ ಕಡೆಯಿಂದ ಗೂಡ್ಸ್ ಗಾಡಿ ಬಂತು. ಸದ್ದಿಗೆ ಇಬ್ಬರೂ ಸುಮ್ಮನಾದೆವು. ಉದ್ದನೆಯ ಗಾಡಿ. ಅದು ಹೋಗುವ ತನಕ ಅವನು ನನ್ನನ್ನೇ ನೋಡುತ್ತ ನಿಂತ, ನಾನೂ ಕಣ್ಣು ತೆಗೆಯಲಿಲ್ಲ. ಗಾಡಿ ದಾಟಿ ಹೋಯಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಬಹಳ ಕಷ್ಟಪಟ್ಟವನಂತೆ, "ಇಲ್ಲ" ಎಂದ.

ಇಲ್ಲ ಎನ್ನಲು ಯಾರಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ. ನಾನು ಕೆಳಗಿಳಿದು ಬಂದೆ.

ಅವರು ಹೋದ ಮೇಲೆ ಚಿಗವ್ವನಿಗೆ ಖಡಕ್ಕಾಗಿ ಹೇಳಿದೆ. "ಸಿರಿಂಜಿನ್ಯಾಗ ಗಂಜಿ ಕುಡಸೂದು ಒಮ್ಮೆ ಮಾಡೇನಿ, ಸಾಕು. ಈ ಮನಿಷ್ಯಾಗ ಬ್ಯಾರೆ ಯಾರರ ಕುಡಸಲಿ. ಹಿಂಗ ಅಂದ್ಲು ಅಂತ ಅವರಿಗೆ ಹೇಳು." ಅವನಿಗೆ ಮುಟ್ಟಲಿ ಎಂದೇ ಆಡಿದ ಮಾತದು. ಮುಟ್ಟಿತು.

*

ನಾಲ್ಕು ತಿಂಗಳ ನಂತರ, ಮಾರ್ಚಿಯಲ್ಲಿ, ನನ್ನ ದವಡೆಯ ಹಿಂದೆ ನೋವು ಶುರುವಾಯಿತು. ಲವಂಗ ಒತ್ತಿದೆ, ಎರಡು ದಿನ ಮಾತ್ರೆ ನುಂಗಿದೆ. ಮೂರನೆಯ ದಿನ ಲ್ಯಾಬಿನಲ್ಲಿ ಬೀಜ ಎಣಿಸುವಾಗ ಕಿವಿಯ ತನಕ ಸಿಡಿಯತೊಡಗಿತು. ಸ್ಟೇಶನ್ ರೋಡಿನ ಡಾಕ್ಟರ್ ದಿಲನಾಜ ಅವರ ದವಾಖಾನೆಗೆ ಹೋದೆ.

ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. "ಇದು ನಿಮ್ಮ ಬುದ್ಧಿ ಹಲ್ಲು. ಎಲ್ಲಾ ಹಲ್ಲು ನಿಂತಾವು, ಇದೊಂದು ಅಡ್ಡ ಮಲಗೇತಿ ನೋಡ್ರಿ. ಮುಂದಿನ ಹಲ್ಲನ್ನ ನೂಕಾಕತ್ತೈತಿ. ಇದನ್ನ ಎಳದು ಕೀಳಾಕ ಬರಂಗಿಲ್ಲ. ವಸಡು ಚೂರು ಕೊಯ್ದು, ಹಲ್ಲು ತುಂಡು ಮಾಡಿ ತಗೀಬೇಕು."

"ಬ್ಯಾನಿ ಆಗ್ತೈತೇನ್ರಿ?"

"ಇಂಜೆಕ್ಷನ್ ಚುಚ್ಚುವಾಗ ಚೂರು ಆಗ್ತೈತಿ. ಆಮ್ಯಾಲ ಒತ್ತಿದ್ದು ಗೊತ್ತಾಗ್ತೈತಿ, ಸಪ್ಪಳ ಕೇಳ್ತೈತಿ, ಬ್ಯಾನಿ ಇರಂಗಿಲ್ಲ. ಬ್ಯಾನಿ ಏನಿದ್ರೂ ಮನಿಗೆ ಹೋದ ಮ್ಯಾಲ."

ಡಾಕ್ಟರು ಹೇಳಿದಂತೆಯೇ ಆಯಿತು. ತುಟಿಯ ಎಡಭಾಗ ಮೊದಲು ಜುಮ್ಮೆಂದಿತು, ಆಮೇಲೆ ಅದು ನನ್ನದೇ ಅಲ್ಲ ಅನ್ನಿಸಿತು. ಡ್ರಿಲ್ಲಿನ ಸದ್ದು ಕಿವಿಗೆ ಹೊರಗಿನಿಂದ ಬರದೆ ತಲೆಯ ಒಳಗಿನಿಂದಲೇ ಬಂತು. ಒಂದು ಹಂತದಲ್ಲಿ ದವಡೆಯನ್ನು ಯಾರೋ ಬಾಗಿಲಿನಂತೆ ಒತ್ತಿದರು, ಕಟ್ ಎಂದಿತು. ಸಹಾಯಕಿ ತಾಜಬಿ, ನಮ್ಮವ್ವನ ವಯಸ್ಸಿನವಳು, ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. "ಆತು ಬೇಟಿ, ಆತು" ಎನ್ನುತ್ತಲೇ ಇದ್ದಳು. ಹಾಗೆ ಹತ್ತು ಸಲ ಅಂದ ಮೇಲೆ ನಿಜವಾಗಿಯೂ ಆಯಿತು.

ಎರಡು ಹೊಲಿಗೆ ಹಾಕಿ, ಹತ್ತಿ ಬಟ್ಟೆಯ ಉಂಡೆ ಇಟ್ಟು, ಗಟ್ಟಿಯಾಗಿ ಕಚ್ಚಿ ಹಿಡಿಯಲು ಹೇಳಿದರು. "ಒಂದು ತಾಸು ಮಾತಾಡಬ್ಯಾಡ್ರಿ. ಉಗುಳಬ್ಯಾಡ್ರಿ, ಬಂದಿದ್ದನ್ನ ನುಂಗ್ರಿ. ಉಗುಳಿದ್ರ ಹೆಪ್ಪುಗಟ್ಟಿದ ರಕ್ತ ಕಿತ್ತು ಬರ್ತೈತಿ, ಅದು ಕಿತ್ರ ಎಲುಬು ಬರಿದಾಗಿ ವಿಪರೀತ ಬ್ಯಾನಿ ಆಗ್ತೈತಿ" ಎಂದು ಕೈಗೊಂದು ಹಾಳೆ ಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ. ಬಾಯಲ್ಲಿ ಉಂಡೆ ಇಟ್ಟುಕೊಂಡು ಮಾಡಲು ಬೇರೆ ಕೆಲಸವೂ ಇರಲಿಲ್ಲ.

'ಮೊದಲ ಇಪ್ಪತ್ನಾಲ್ಕು ತಾಸು ಬಿಸಿ ಚಹಾ, ಕಾಫಿ ಬೇಡ. ಆರಿಸಿ ಕುಡಿಯಿರಿ.'

ನನಗೆ ಕೆನೆಗಟ್ಟಿದ ಚಹಾ ನೆನಪಾಯಿತು. ಸುಮ್ಮನೆ ನೆನಪಾಯಿತು ಅಂದುಕೊಂಡು ಮುಂದೆ ಓದಿದೆ.

'ಖಾರದ, ಗಟ್ಟಿ, ಕರಿದ ಪದಾರ್ಥಗಳನ್ನು ಒಂದು ವಾರ ಮುಟ್ಟಬೇಡಿ. ಮರುದಿನದಿಂದ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಿ. ನೀರು ನಸುಗೆಂಪಾಗಿ ಬಂದರೆ ಗಾಬರಿಯಾಗಬೇಡಿ. ಎರಡು, ಮೂರನೆಯ ದಿನ ಕೆನ್ನೆಯ ಬಾವು ಹೆಚ್ಚಾಗುತ್ತದೆ. ಐದಾರು ದಿನ ಬಾಯಿ ಪೂರ್ತಿ ತೆರೆಯದಿರಬಹುದು. ಇದು ಸಹಜ.'

ಒಂದೊಂದು ಸಾಲಿನಲ್ಲೂ ಅವನೇ ಕೂತಿದ್ದ. ಮಿರ್ಚಿಗೆ ಅಡ್ಡ ಹಿಡಿದ ಕೈ, ಬಲಗಡೆಯ ತುಟಿ, ಬಚ್ಚಲಿನ ಕಲ್ಲು, ಅರ್ಧ ನಗೆ. ನಾನು ಅಪ್ಪನ ಕಾಯಿಲೆಯ ಲಕ್ಷಣ ಎಂದು ಓದಿದ್ದೆಲ್ಲ ಈ ಹಾಳೆಯಲ್ಲಿ ಸಹಜ ಎಂದು ಬರೆದಿತ್ತು.

ಮಾತಾಡುವಂತಿರಲಿಲ್ಲ. ಚಿಗವ್ವನಿಗೆ ವಾಟ್ಸಾಪ್ ಮಾಡಿದೆ: 'ಆ ಬ್ಯಾಡಗಿ ಹುಡುಗ ನಮ್ಮ ಮನಿಗೆ ಬರೂಕಿಂತ ಮೊದ್ಲು ಹಲ್ಲು ತಗಿಸಿದ್ನೇನು?'

ಉತ್ತರ ಧ್ವನಿಯಲ್ಲಿ ಬಂತು. "ಅಯ್ಯ ಶೈಲಶ್ರೀ, ಈಗ್ಯಾಕವಾ ಅದು. ಹೌದು, ಹಿಂದಿನ ದಿನಾ ಸಂಜಿಮುಂದ ಹಾವೇರಿಯಾಗ ತಗಿಸಿದ್ನಂತ. ಅವರವ್ವನs ಹೇಳಬ್ಯಾಡ ಅಂದಿದ್ಲಂತ. ಮೊದ್ಲs ಮೂವತ್ಮೂರು, ಹಲ್ಲು ತಗಿಸ್ಯಾನ ಅಂದ್ರ ಹುಡುಗಗ ವಯಸ್ಸಾಗೇತಿ ಅಂತಾರ ಅಂತ. ನೀ ಬ್ಯಾಡ ಅಂದ ಮ್ಯಾಲ ಅವರು ಬಾಯಿಬಿಟ್ರು. ನಾ ನಂಬಲಿಲ್ಲ ನೋಡು. ಸಿಕ್ಕಿಬಿದ್ದ ಮ್ಯಾಲ ಎಲ್ಲಾರೂ ಒಂದೊಂದು ಹೇಳ್ತಾರ ಅಂತ ಸುಮ್ನಾದೆ. ಪಾಪ, ಆಮ್ಯಾಲ ಅವಂಗ ಎರಡು ಕಡೆ ಮಾತು ಮುರದು ಹೋತು. ಹುಡುಗ ಗುಟ್ಕಾ ಅಂತ ಸುದ್ದಿ ಆಗೇತಿ."

ಸುದ್ದಿ ಮಾಡಿದವಳು ನಾನೇ. ಬಾಯಲ್ಲಿ ಉಂಡೆ ಇದ್ದುದರಿಂದ ಜೋರಾಗಿ ಅಳಲೂ ಆಗಲಿಲ್ಲ.

*

ಮರುದಿನ ಎದ್ದಾಗ ಕನ್ನಡಿಯಲ್ಲಿ ಅರ್ಧ ಮುಖ ಬೇರೆ ಯಾರದೋ ಆಗಿತ್ತು. ಬಾಯಿ ತೆರೆಯಲು ನೋಡಿದೆ, ತೆರೆಯಲಿಲ್ಲ. ಯಾಕೆಂದು ಗೊತ್ತಿಲ್ಲ, ಬೆರಳು ಜೋಡಿಸಿ ಹಲ್ಲುಗಳ ನಡುವೆ ಇಟ್ಟೆ. ಒಂದೂವರೆ ಹಿಡಿಸಿತು.

ಐದಾರು ದಿನಕ್ಕೆ ಸರಿಹೋಗುತ್ತದೆ ಎಂದು ಹಾಳೆಯಲ್ಲಿ ಬರೆದಿದ್ದರೂ ಬೆರಳನ್ನು ಮತ್ತೊಮ್ಮೆ ಇಟ್ಟು ನೋಡಿದೆ. ಒಳಗಿನಿಂದ ಅಪ್ಪನಿಗೆ ಹೀಗೆ ಆಗಿತ್ತೇನು? ಹಸಿವಿದೆ, ಅನ್ನ ಎದುರಿಗಿದೆ, ಬಾಯಿ ಮಾತ್ರ ತನ್ನ ಮಾತು ಕೇಳುವುದಿಲ್ಲ. ಅಪ್ಪನ ಮೇಲೆ ಏಳು ವರ್ಷದಿಂದ ಸಾಕಿಕೊಂಡು ಬಂದ ಸಿಟ್ಟು ಆ ಮುಂಜಾನೆ ಸ್ವಲ್ಪ ಸಡಿಲವಾಯಿತು. ಮಂಜುಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದೆ.

ಮೂರನೆಯ ದಿನ ಸೀರೆ ಉಟ್ಟೆ. ಅವ್ವ ರಾಗಿ ಅಂಬಲಿ ಆರಿಸುತ್ತಿದ್ದವಳು ನೋಡಿದಳು.

"ಎಲ್ಲಿಗೆ ಹೊಂಟೀದಿ ಈ ಮಾರಿ ತಗೊಂಡು?"

"ಬ್ಯಾಡಗಿಗೆ. ಅವರ ಕಡೆ ತಪ್ಪಾತು ಅಂತ ಹೇಳಿ ಬರ್ತೇನಿ."

"ಹೊಲಿಗಿ ಬಿಚ್ಚಿದ ಮ್ಯಾಲ ಹೋಗು. ನಾಕು ದಿನದಾಗ ಏನ್ ಮುಳಗಿ ಹೋಗ್ತೈತಿ?"

"ಬಾವು ಇದ್ದಾಗs ಹೋಗ್ತೇನವ್ವ. ಇಳದ ಮ್ಯಾಲ ನಾ ಹೋಗಂಗಿಲ್ಲ, ನನ್ನ ಸ್ವಭಾವ ನಿನಗ ಗೊತ್ತೈತಿ."

ಅವ್ವ ಸುಶೀಲವ್ವ ಹೆಚ್ಚು ಮಾತಿನವಳಲ್ಲ. ಅಂಬಲಿಯನ್ನು ಬಾಟಲಿಗೆ ತುಂಬಿ ನನ್ನ ಚೀಲದಲ್ಲಿಟ್ಟಳು. "ಅವನು ಬೈದ್ರ ಬೈಸ್ಕೊ. ತಿರುಗಿ ಮಾತಾಡಬ್ಯಾಡ" ಎಂದಳು.

ಮಾರ್ಚಿಯ ಬ್ಯಾಡಗಿ ಎಂದರೆ ಬಸ್ಸು ಇಳಿಯುವ ಮೊದಲೇ ಸೀನು. ಮೆಣಸಿನಕಾಯಿ ಚೀಲಗಳ ಲಾರಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಒಂದೊಂದು ಸೀನಿಗೂ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೋಲ್ಡ್ ಸ್ಟೋರೇಜಿನ ಗೇಟಿಗೆ ಬಂದೆ. ಗೇಟಿನ ದುರಗಪ್ಪ ಎಂಬ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಷಿದ್ದಲಿಂಗೇಷ ಅವ್ರು..." ಎಂದೆ. ಬಾಯಿ ತೆರೆದಷ್ಟೇ ಮಾತು ಹೊರಗೆ ಬಂತು.

ಅವನ ಕಣ್ಣು ನನ್ನ ಕೆನ್ನೆಯ ಮೇಲೆ ನಿಂತಿತು. "ಒಳಗ ಅದಾರ, ಹೋಗು. ಆದ್ರ ಯವ್ವಾ, ಬಾಯಾಗಿಂದು ಹೊರಗs ಉಗುಳಿ ಹೋಗು. ಒಳಗ ಎಲ್ಲೆಲ್ಲರ ಉಗುಳಬ್ಯಾಡ, ರೈತರ ಮಾಲು ಐತಿ. ಹೆಣ್ಮಕ್ಕಳೂ ಶುರು ಮಾಡೀರಿ ಅಂದ್ರ ಏನ್ ಹೇಳೂದು."

ಏನು ಹೇಳಲಿ? ಹಲ್ಲು ತೆಗೆಸಿದ್ದೇನೆ ಎನ್ನಲು ಬಾಯಿ ತಿರುಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ನಕ್ಕ ಸದ್ದಾಯಿತು. ತಿರುಗಿದೆ. ಸಿದ್ದಲಿಂಗೇಶ ಕೈಯಲ್ಲಿ ರಸೀದಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ. ಈ ಸಲ ಅವನ ಎರಡೂ ಕೆನ್ನೆ ಸಮ ಇದ್ದವು, ನಗೆಯೂ ಎರಡೂ ಕಡೆ ಇತ್ತು. ನನ್ನನ್ನು ಗುರುತು ಹಿಡಿದ ಕೂಡಲೇ ಆ ನಗೆಯನ್ನು ನುಂಗಿಕೊಂಡ.

"ದುರಗಪ್ಪ, ಇವರು ಗುಟ್ಕಾ ತಿನ್ನಾಕಿ ಅಲ್ಲ. ಹಲ್ಲು ತಗಿಸ್ಯಾರ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ರಿ?" ಎಂದ.

ಒಮ್ಮೆ ನೋಡಿದ್ದಕ್ಕೇ ಅವನಿಗೆ ಗೊತ್ತಾಗಿತ್ತು. ನನಗೆ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ತಲೆ ಅಲ್ಲಾಡಿಸಿದೆ.

*

ಆಫೀಸಿನ ಕೋಣೆಯಲ್ಲಿ ಕುರ್ಚಿ ಸರಿಸಿ ಕೊಟ್ಟ. ಗೋಡೆಯ ಆಚೆ ಮಶಿನ್ ಗುರುಗುಡುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಲ್ಲಿ ಬರಲೊಲ್ಲದು. ಅವನು ಕಾಯುತ್ತ ಕೂತ.

"ನಾ ಅಂದಿದ್ದು ತಪ್ಪಾತ್ರಿ," ಎಂದೆ ಕೊನೆಗೆ, ಒಂದೊಂದೇ ಅಕ್ಷರ ಹೊರಗೆ ತಳ್ಳುತ್ತ. "ಆ ಸಿರಿಂಜಿನ ಮಾತು... ಅದನ್ನ ವೈರಿಗೂ ಅನ್ನಬಾರದಾಗಿತ್ತು. ನಿಮ್ಮ ಹೆಸರು ಕೆಡಿಸಿದೆ. ಯಾರ್ಯಾರ ಮನ್ಯಾಗ ಮಾತು ಮುರದೈತಿ ಹೇಳ್ರಿ, ನಾನs ಹೋಗಿ ನಂದು ತಪ್ಪು ಅಂತ ಹೇಳಿ ಬರ್ತೇನಿ."

"ಈ ಬಾತ ಗಲ್ಲಾ ತಗೊಂಡ್ ಹೋಗಿ ಹೇಳಿದ್ರ, ಇಬ್ಬರೂ ಸೇರಿ ಗುಟ್ಕಾ ತಿಂತಾರ ಅಂತಾರ್ರಿ" ಎಂದ.

ನಗು ಬಂತು. ನಕ್ಕರೆ ಹೊಲಿಗೆ ಜಗ್ಗುತ್ತದೆ. ಕೆನ್ನೆ ಹಿಡಿದುಕೊಂಡು "ನಗಸಬ್ಯಾಡ್ರಿ" ಎಂದೆ. ಅವನು ಎದ್ದು ಹೋಗಿ ಮಂಜುಗಡ್ಡೆಯ ಚೂರನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ನನ್ನ ಮುಂದಿಟ್ಟ.

"ಹಲ್ಲು ತಗಿಸಿ ಎರಡು ದಿನ ದಾಟಿದ್ರ ತಣ್ಣಂದು ಅಷ್ಟೇನ್ ಉಪಯೋಗ ಇಲ್ಲಂತ. ಆದ್ರೂ ಇಟ್ಕೋರಿ, ಹಿತಾ ಅನಸ್ತೈತಿ."

"ನೀವ್ಯಾಕ ಅವತ್ತು ಹೇಳಲಿಲ್ಲ? ಮ್ಯಾಳಿಗಿ ಮ್ಯಾಲ ನಾನು ಕೇಳಿದ್ನಲ್ಲ. ಇಲ್ಲ ಅನ್ನಾಕ ಅಷ್ಟೊತ್ತು ಯಾಕ ಬೇಕಾತು?"

ಅವನು ಟೇಬಲ್ಲಿನ ಮೇಲಿನ ರಸೀದಿ ಪುಸ್ತಕ ನೋಡಿದ. ಅದನ್ನು ಮುಚ್ಚಿ ಪಕ್ಕಕ್ಕೆ ಸರಿಸಿದ.

"ನಿಮ್ಮ ತಪ್ಪಾತು ಅನ್ನೂ ಮಾತನ್ನ ಪೂರ್ತಿ ನಾ ತಗೊಳ್ಳಾಕ ಬರಂಗಿಲ್ರಿ ಶೈಲಶ್ರೀ ಅವ್ರs. ನಾ ಗುಟ್ಕಾ ತಿಂತಿದ್ದೆ. ಆರು ವರ್ಷ ತಿಂದೇನಿ. ಬಿಟ್ಟು ನಾಕು ವರ್ಷ ಆತು. ಆ ಹಲ್ಲು ಹಾಳಾಗಿದ್ದೂ ಅದರಿಂದs, ಉಂಡಿ ಅಲ್ಲೇ ಇಡ್ತಿದ್ದೆ. ನೀವು ತಿಂತೀರೇನು ಅಂತ ಕೇಳಿದ್ರಿ. ತಿಂತಿದ್ದೆ, ಈಗ ಬಿಟ್ಟೇನಿ, ಹಿಂಗಿಂಗಾತು ಅಂತ ಎಲ್ಲಾ ಹೇಳಬೇಕಂತ ಅನಸ್ತು. ಬಾಯಿ ತೆರೀವಲ್ದು. ಇಲ್ಲ ಅನ್ನೂದೊಂದs ಬಂತು. ಅದು ಖರೇನೂ ಹೌದು, ಪೂರಾ ಖರೇ ಅಲ್ಲ."

ನನಗೆ ಮೈಯೆಲ್ಲ ಉರಿಯಿತು. ಮೂರು ದಿನ ಅತ್ತಿದ್ದು, ಸೀನುತ್ತ ಇಲ್ಲಿಗೆ ಬಂದದ್ದು, ಗೇಟಿನಲ್ಲಿ ಮಾತು ಕೇಳಿದ್ದು, ಎಲ್ಲ ಇದನ್ನು ಕೇಳುವುದಕ್ಕೇನು? ಎದ್ದು ನಿಂತೆ. ಅವನು ತಡೆಯಲಿಲ್ಲ. ಇದನ್ನು ಹೇಳದೇ ಇದ್ದಿದ್ದರೆ ನಾನು ಇವತ್ತೇ ಒಪ್ಪಿಕೊಂಡು ಹೋಗುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ದ. ಬಾಗಿಲ ತನಕ ಹೋದವಳಿಗೆ ಅದು ಹೊಳೆದು ಕಾಲು ನಿಂತಿತು.

"ಇನ್ನ ಮುಂದ ತಿನ್ನಂಗಿಲ್ಲ ಅಂತ ಆಣಿ ಮಾಡ್ತೀರೇನು?" ಎಂದೆ, ತಿರುಗದೆಯೇ.

"ಇಲ್ರಿ."

"ಯಾಕ?"

"ನಾಳಿ ಸುದ್ದಿ ನನಗ ಗೊತ್ತಿಲ್ರಿ. ಈಗೂ ಒಮ್ಮೊಮ್ಮೆ ಲಾರಿ ಡ್ರೈವರ್‌ಗೋಳು ಗುಟ್ಕಾ ಪುಡಿ ಪಾಕೀಟು ಹರದಾಗ ಬಾಯಾಗ ನೀರು ಬರ್ತೈತಿ. ದಿನಾ ಮುಂಜಾನೆ ಎದ್ದು, ಇವತ್ತು ತಿನ್ನಂಗಿಲ್ಲ ಅಂತ ಒಂದ್ಸಲ ಅನ್ಕೊಂತೇನಿ. ಇವತ್ತಿಂದು ಅಷ್ಟ ನನ್ನ ಕೈಯಾಗ ಐತಿ. ನಾಕು ವರ್ಷ ಹಿಂಗs ನಡದೈತಿ."

ನಾನು ಬಾಗಿಲಿಗೆ ಒರಗಿ ನಿಂತೆ. ಅಪ್ಪ ಮಾಡದ ಆಣೆಯಿರಲಿಲ್ಲ. ನನ್ನ ತಲೆ ಮುಟ್ಟಿ ಆಣೆ ಮಾಡಿದ್ದರು. ಒಮ್ಮೆ ಅವ್ವನನ್ನೂ ನನ್ನನ್ನೂ ದೇವರಗುಡ್ಡಕ್ಕೆ ಕರೆದೊಯ್ದು, ಮೈಲಾರಲಿಂಗನ ಎದುರಿಗೆ ಗುಟ್ಕಾದ ಪುಡಿ ಎಸೆದು, ಇನ್ನು ಮುಟ್ಟಿದರೆ ತಮ್ಮ ಹೆಣ ಬೀಳಲಿ ಎಂದಿದ್ದರು. ಅವ್ವ ಅಂದು ಹೋಳಿಗೆ ಮಾಡಿದಳು. ವಾರದೊಳಗೆ ಅವರ ಅಂಗಿ ಒಗೆಯುವಾಗ ಕಿಸೆಯಲ್ಲಿ ನನಗೇ ಸಿಕ್ಕಿತು. ಅಂಥ ಎಷ್ಟೋ ಆಣೆಗಳನ್ನು ನಂಬಿ ಸುಸ್ತಾದ ನನಗೆ ಆಣೆ ಮಾಡುವುದಿಲ್ಲ ಎಂದ ಮೊದಲ ಗಂಡಸು ಇವನು.

ಭಯ ಹೋಗಲಿಲ್ಲ. ಭಯದ ಪಕ್ಕದಲ್ಲಿ ಪ್ರೀತಿಯೂ ಬಂದು ಕೂತಿತು. ಎರಡನ್ನೂ ಬೇರೆ ಮಾಡಲು ಆಗ ನನ್ನಿಂದಾಗಲಿಲ್ಲ.

"ದಿನಾ ಮುಂಜಾನೆ ಅದನ್ನ ಯಾರ ಮುಂದ ಅಂತೀರಿ?"

"ಯಾರ ಮುಂದೂ ಇಲ್ರಿ. ಹಲ್ಲು ತಿಕ್ಕುವಾಗ ಮನಸಿನ್ಯಾಗ."

"ನನಗ ಫೋನ್ ಮಾಡಿ ಹೇಳ್ರಿ. ಮದುವಿ ಮಾತಲ್ಲ ಇದು, ತಿಳಕೋರಿ. ಸುಮ್ನ ಕೇಳ್ತೇನಿ" ಎಂದೆ.

ಅವನು ನನ್ನ ನಂಬರು ಬರೆದುಕೊಂಡ. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದ. ನಾನು ಸೀನಿದಾಗಲೆಲ್ಲ ತಾನೇ ಕೆನ್ನೆ ಹಿಡಿದುಕೊಂಡ.

*

ಮರುದಿನ ಆರೂವರೆಗೆ ಫೋನು ಬಂತು. "ಇವತ್ತು ತಿನ್ನಂಗಿಲ್ರಿ" ಎಂದ. ನಾನು "ಹೂಂ" ಎಂದೆ. ಅಷ್ಟೇ. ಅದರ ಮರುದಿನ "ಬಾವು ಇಳೀತೇನ್ರಿ?" ಎಂಬುದು ಸೇರಿತು. ಏಳನೆಯ ದಿನ ಹೊಲಿಗೆ ಬಿಚ್ಚಿಸಿದೆ, ಸಂಜೆ ಅವನೇ ಮತ್ತೆ ಮಾಡಿ ಕೇಳಿದ. ಆಮೇಲೆ ನನ್ನ ಲ್ಯಾಬಿನ ಸೌತೆಬೀಜ ಎಷ್ಟು ಮೊಳಕೆ ಬಂದವು, ಅವನ ಸ್ಟೋರಿನಲ್ಲಿ ಕರೆಂಟು ಎಷ್ಟು ಹೊತ್ತು ಹೋಗಿತ್ತು, ಅವನ ತಾಯಿ ನನ್ನ ಹೆಸರು ಕೇಳಿದರೆ ಇನ್ನೂ ಮುಖ ಯಾಕೆ ತಿರುಗಿಸುತ್ತಾರೆ, ಎಲ್ಲ ಬಂತು. ಮುಂಜಾನೆ ನಾನು ಫೋನನ್ನು ಒಲೆಯ ಕಟ್ಟೆಯ ಮೇಲೆ ಇಟ್ಟುಕೊಂಡು ಅಡುಗೆ ಮಾಡತೊಡಗಿದೆ. ಅವ್ವ ನೋಡಿ, ಕಟ್ಟೆಯ ಮೇಲಿನ ಡಬ್ಬಿ ಸರಿಸಿ ಜಾಗ ಮಾಡಿಕೊಟ್ಟಳು.

"ಮೊದಲ್ನೇ ಸಲ ನಿಮ್ಮ ಉಗುರು ನೋಡಿದಾಗs ನನಗ ನೀವು ಮನಸಿಗೆ ಬಂದಿದ್ರಿ" ಎಂದ ಒಂದು ದಿನ.

"ಮುಖಾ ಯಾಕ ನೋಡಲಿಲ್ಲ ಮತ್ತ?"

"ಮುಖದಾಗ ಸಿಟ್ಟಿತ್ರಿ. ಉಗುರಿನ್ಯಾಗ ಇರಲಿಲ್ಲ."

ಆ ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ಒಂದು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ಮುಂಜಾನೆ ಆರೂವರೆಯಾಯಿತು, ಏಳಾಯಿತು, ಫೋನು ಬರಲಿಲ್ಲ. ಏಳೂವರೆಗೆ ನನ್ನ ಕೈಯಲ್ಲಿ ರೊಟ್ಟಿ ಹರಿಯಿತು. ನಾನೇ ಮಾಡಬಹುದಿತ್ತು, ಮಾಡಲಿಲ್ಲ. ಮಾಡಿದರೆ ಅವನು ಸುಳ್ಳು ಹೇಳಿಬಿಟ್ಟಾನು ಎಂಬ ಹೆದರಿಕೆ. ಅವ್ವ ನನ್ನ ಕೈಯಿಂದ ಹಿಟ್ಟು ತೆಗೆದುಕೊಂಡು ತಾನೇ ತಟ್ಟತೊಡಗಿದಳು. ಎಂಟೂಕಾಲಿಗೆ ಫೋನು ಗುಂಯ್ ಎಂದಿತು.

"ತಡಾ ಆತ್ರಿ" ಎಂದ. ಧ್ವನಿ ಬಿದ್ದುಹೋಗಿತ್ತು. "ನಿನ್ನಿ ಸಂಜಿಮುಂದ ಮಶಿನ್ ಕೆಟ್ಟು ಬಾಳ ತ್ರಾಸಾತು. ಮಾಲಕರು ಎಲ್ಲಾರ ಮುಂದ ಬೈದ್ರು. ಗೇಟಿನ ಹೊರಗ ಹೋಗಿ ಒಂದು ಪುಡಿ ತಗೊಂಡೆ. ಹರದು ಅಂಗೈ ಮ್ಯಾಲೂ ಹಾಕ್ಕೊಂಡೆ. ತಿನ್ನಲಿಲ್ಲ, ಚೆಲ್ಲಿದೆ. ಆದ್ರ ತಗೊಂಡಿದ್ದು ಖರೇ. ಮುಂಜಾನಿಂದ ನಿಮ್ಮ ನಂಬರ್ ಹಚ್ಚೂದು, ಕಟ್ ಮಾಡೂದು ಮಾಡಾಕತ್ತೇನಿ. ಹೇಳದಿದ್ರೂ ನಿಮಗ ಗೊತ್ತಾಗ್ತಿರಲಿಲ್ಲ."

"ಗೊತ್ತಾಗ್ತಿರಲಿಲ್ಲ" ಎಂದೆ.

"ಇನ್ನ ನಿಮಗ ಏನ್ ಅನಸ್ತೈತಿ ಹಂಗ ಮಾಡ್ರಿ. ನಾ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ."

ನಾನು ಒಲೆಯ ಕಟ್ಟೆಗೆ ಕೈ ಊರಿ ನಿಂತೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅಪ್ಪ ಒಂದೇ ಒಂದು ಸಲ, ಒಂದೇ ಒಂದು ಮುಂಜಾನೆ, ಹೀಗೆ ನನ್ನನ್ನು ಕರೆದು ಹೇಳಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ತಿಂದದ್ದನ್ನೇ ಹೇಳಿದ್ದರೂ ಸಾಕಿತ್ತು. ಅವರ ಪಕ್ಕ ಕೂತಿರುತ್ತಿದ್ದೆ.

"ಫೋನಿನ್ಯಾಗ ಇದನ್ನ ಕೇಳೂದು ನನಗ ಸಾಕಾತ್ರಿ" ಎಂದೆ.

"ಆತ್ರಿ," ಎಂದ. "ನಾಳಿಂದ ಮಾಡಂಗಿಲ್ಲ."

"ಪೂರಾ ಕೇಳ್ರಿ. ನನಗ ನೀವು ಬೇಕು. ನಾಳಿ ನಿಮ್ಮವ್ವನ್ನ ಕರಕೊಂಡು ಬರ್ರಿ, ಅವರ ಕಾಲಿಗೆ ನಾ ಬೀಳ್ತೇನಿ. ಮದುವಿ ಆದ ಮ್ಯಾಲ ದಿನಾ ಮುಂಜಾನೆ ನನ್ನ ಮುಖಾ ನೋಡಿ ಹೇಳ್ರಿ. ಅಂಗೈ ಮ್ಯಾಲ ಹಾಕ್ಕೊಂಡ ದಿನಾನೂ ಹೇಳ್ರಿ. ಅವತ್ತು ಮೊದ್ಲು ಹೇಳ್ರಿ."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು. ಬ್ಯಾಡಗಿಯ ಘಾಟಿಗೋ ಏನೋ ಎಂದು ನಾನು ಕೇಳಲು ಹೋಗಲಿಲ್ಲ.

"ಹೇಳ್ತೇನ್ರಿ" ಎಂದ ಕೊನೆಗೆ.

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಕೈ ತೊಳೆದುಕೊಂಡು ಬಂದು ಫೋನು ಇಸಿದುಕೊಂಡಳು.

"ತಮ್ಮಾ, ನಾಳಿ ಯಾಕ," ಎಂದಳು. "ಇವತ್ತs ಬರ್ರಿ. ಊಟಕ್ಕ ಬರ್ರಿ."